ಮಾರುವ ಮನೆಗೆ ಸುಣ್ಣ ಬಳಿಯುವಾಕೆ

ಬೆಳಗಿನ ಐದೂವರೆ. ಬಸವಕಲ್ಯಾಣದ ಈ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಸುಂದರಬಾಯಿ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸುಣ್ಣದ ಹರಳು ಹಾಕಿದ ಪೀಪಾಯಿಗೆ ನೀರು ಹೊಯ್ಯುತ್ತಿದ್ದಾರೆ. ಹರಳು ಒಡೆದು ಕೊತಕೊತ ಕುದಿಯುತ್ತದೆ. ನಾನು ಬಗ್ಗಿ ನೋಡಲು ಹೋದರೆ ಗದರುತ್ತಾರೆ: "ದೂರ ನಿಲ್ರಿ ಸಾಹೇಬ್ರ. ಕಣ್ಣಿಗೆ ಹಾರಿದ್ರ ನಿಮ್ಮ ಪೇಪರ್‌ನವ್ರು ನನಗ ಬೈತಾರ."

ಬಸವಕಲ್ಯಾಣ, ಹುಮನಾಬಾದ್ ಕಡೆ ಹಳೆಯ ಮನೆ ಮಾರಾಟಕ್ಕೆ ಬಂತೆಂದರೆ ದಲ್ಲಾಳಿಗಳು ಮೊದಲು ಫೋನ್ ಮಾಡುವುದು ಈ ಐವತ್ತಾರರ ಹೆಣ್ಣುಮಗಳಿಗೆ. ಮೊಳೆ ಕೀಳುವುದು, ಅಡುಗೆಮನೆಯ ಮಸಿ ತಿಕ್ಕುವುದು, ಬಿರುಕು ಮುಚ್ಚುವುದು, ಎರಡು ಕೋಟು ಸುಣ್ಣ ಬಳಿಯುವುದು. ಒಂದು ಮನೆಗೆ ನಾಲ್ಕು ದಿನ. ಹದಿನಾರು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳನ್ನು ಹೀಗೆ ಸಿಂಗರಿಸಿ ಬೇರೆಯವರ ಕೈಗೆ ಒಪ್ಪಿಸಿದ್ದಾರೆ. ಇವತ್ತು ಸಿಂಗರಿಸುತ್ತಿರುವುದು ಮಾತ್ರ ತಮ್ಮದೇ ಮನೆಯನ್ನು.

ಮನೆ ಅತ್ತೆಯ ಹೆಸರಿನಲ್ಲಿತ್ತು. ಅತ್ತೆ ಹೋದ ವರ್ಷ ತೀರಿಕೊಂಡರು. ಗಂಡ ವೈಜಿನಾಥ ಅದಕ್ಕೂ ಮೊದಲೇ ಇಲ್ಲ. ಉಳಿದ ಪಾಲುದಾರ ಮೈದುನ ಸಂಘಪಾಲ. ಇರುವ ಎರಡು ಕೋಣೆಗಳನ್ನು ಹೇಗೆ ಹಂಚಿದರೂ ಒಬ್ಬರಿಗೆ ಬಾಗಿಲಿಲ್ಲ, ಇನ್ನೊಬ್ಬರಿಗೆ ಒಲೆಯಿಲ್ಲ. ಜಗಳವಿಲ್ಲದೆ ಮಾರುವುದೆಂದು ಇಬ್ಬರೂ ಒಪ್ಪಿದರು. ಸುಂದರಬಾಯಿ ಹುಮನಾಬಾದಿನಲ್ಲಿ ತಂಗಿಯ ಮನೆಯ ಹತ್ತಿರ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದಾರೆ. ಸಾಮಾನೆಲ್ಲ ಹೋಗಿಯಾಗಿದೆ. ಉಳಿದಿರುವುದು ಹೊರಗೋಡೆ.

ಆ ಗೋಡೆಯ ಮೇಲೆ, ಬಾಗಿಲಿನ ಬಲಗಡೆ, ನೀಲಿ ಎಣ್ಣೆಬಣ್ಣದ ಅಕ್ಷರಗಳಿವೆ. ಮದುವೆಯಲ್ಲಿ ವಧುವರರ ಹೆಸರನ್ನು ಮನೆಯ ಮುಂದೆ ಬರೆಸುವುದು ಇಲ್ಲಿನ ರೂಢಿ. ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ, ಎಷ್ಟು ಬಳಿದರೂ ಅಕ್ಷರ ಹೊರಗೆ ಇಣುಕುತ್ತದೆ. ಕೊಳ್ಳುವವರಿಗೆ ಬೇರೆಯವರ ಹೆಸರು ಬೇಡ. ಹಾಗಾಗಿ ಕಬ್ಬಿಣದ ಪಟ್ಟಿ ಹಿಡಿದು ಒಂದೊಂದೇ ಅಕ್ಷರ ಕೆರೆಯಬೇಕು. ಸುಂದರಬಾಯಿ ಕೆರೆದ ಹೆಸರುಗಳಿಗೆ ಲೆಕ್ಕವಿಲ್ಲ.

ಮೊದಮೊದಲು ಅವರು ಯಾರನ್ನೂ ಕೇಳುತ್ತಿರಲಿಲ್ಲ. ರಾಜೇಶ್ವರದ ಮಹಾರುದ್ರಪ್ಪನವರ ಮನೆಯಲ್ಲಿ ತಪ್ಪಿದರು. ಮನೆ ಮಾರಿದ್ದು ಮಹಾರುದ್ರಪ್ಪನವರೇ, ಆದರೆ ಹೆಸರೂ ಹೋಗುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಹೊಲದಿಂದ ಬಂದು ನೋಡಿದರೆ ಗೋಡೆ ಬೆಳ್ಳಗಿದೆ. ತೀರಿಹೋದ ಹೆಂಡತಿಯ ಹೆಸರು ತಮ್ಮ ಹೆಸರಿನ ಪಕ್ಕದಲ್ಲಿ ಇದ್ದದ್ದು ಅಲ್ಲೊಂದೇ ಕಡೆ. "ಬೈದಿದ್ರ ಚಲೋ ಇತ್ತರಿ. ಬೈಲಿಲ್ಲ. ಕಟ್ಟಿ ಮ್ಯಾಲ ಕುಂತು ಗ್ವಾಡಿ ನೋಡ್ಕೋತ ಇದ್ರು. ನಾ ಅವತ್ತು ಉಣ್ಣಲಿಲ್ಲ."

ಅಂದಿನಿಂದ ಒಂದು ಕಟ್ಟುನಿಟ್ಟು. ಕೆರೆಯುವ ಮುಂಚೆ ಮನೆಯವರನ್ನು ಕರೆದು, ಹೆಸರುಗಳನ್ನು ಒಂದು ಸಲ ಗಟ್ಟಿಯಾಗಿ ಓದಿಸುತ್ತಾರೆ. ಓದಿದ ಮೇಲೆಯೇ ಪಟ್ಟಿ ಹಿಡಿಯುವುದು. ಅವರನ್ನು ಚಿಕ್ಕಮ್ಮನಂತೆ ಮೌಸಿ ಎಂದು ಕರೆಯುವ ದಲ್ಲಾಳಿ ಯುನೂಸ್ ಇದಕ್ಕೆ ನಗುವುದುಂಟು: "ನಮ್ಮ ಮೌಸಿದು ರಿಜಿಸ್ಟ್ರಿ ಆಫೀಸಿಗಿಂತ ಜಾಸ್ತಿ ಕಾಯ್ದೆ."

ಇವತ್ತು ಓದಬೇಕಾದ ಮನೆಯವರು ಅವರೇ. ಅವರಿಗೆ ಓದಲು ಬರುವುದಿಲ್ಲ.

"ನೀವೇ ಓದ್ರಿ," ಎನ್ನುತ್ತಾರೆ ನನಗೆ.

ಓದುತ್ತೇನೆ. "ಮಂಗಲ ಪರಿಣಯ. ಚಿ. ಸಂಘರತ್ನ, ಚಿ. ಸೌ. ಆಮ್ರಪಾಲಿ." ಕೆಳಗೆ ಹನ್ನೆರಡು ವರ್ಷ ಹಿಂದಿನ ಮೇ ತಿಂಗಳ ಒಂದು ದಿನಾಂಕ. ಆಮ್ರಪಾಲಿ ಇವರ ಒಬ್ಬಳೇ ಮಗಳು. ಹುಡಗಿ ಎಂಬ ಊರಿಗೆ ಮದುವೆಯಾಗಿ ಹೋದಳು, ಎರಡನೇ ವರ್ಷ ಹೆರಿಗೆಯಲ್ಲಿ ತಾಯಿ, ಕೂಸು ಇಬ್ಬರೂ ಉಳಿಯಲಿಲ್ಲ. ಅಳಿಯ ಮತ್ತೆ ಮದುವೆಯಾಗಿದ್ದಾನೆ. ಒಳ್ಳೆಯವನು, ಆಗಾಗ ಬಂದು ಮಾತಾಡಿಸಿ ಹೋಗುತ್ತಾನೆ.

ಆ ಹೆಸರಿರುವ ಜಾಗ ಉಗುರಿನ ದಪ್ಪದಷ್ಟು ಒಳಗೆ ಹೋಗಿದೆ. ಪ್ರತಿ ವರ್ಷ ಏಪ್ರಿಲ್ ಹದಿನಾಲ್ಕರ ಜಯಂತಿಗೆ ಸುಣ್ಣ ಬಳಿಯುವಾಗ ಅದೊಂದನ್ನು ಬಿಟ್ಟು ಸುತ್ತ ಬಳಿದಿದ್ದಾರೆ. ಸುತ್ತಲಿನ ಗೋಡೆ ದಪ್ಪವಾಗುತ್ತ ಬಂದು ಅಕ್ಷರಗಳು ತಗ್ಗಿನಲ್ಲಿ ಉಳಿದಿವೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಡಲೇ ಎಂದು ಕೇಳುತ್ತೇನೆ.

"ಬ್ಯಾಡ್ರಿ. ಎಲ್ಲಾರ ಮನಿದೂ ಅಳಿಸೀನಿ, ಯಾರಿಗೂ ಫೋಟೋ ತಗದು ಕೊಟ್ಟಿಲ್ಲ. ಆಕಿ ಫೋಟೋ ನನ್ನ ಹಂತ್ಯಾಕ ಅದ. ಖರೆ ಅದು ಆಕಿ ಮುಖ ಅಷ್ಟ. ಇದು ನಮ್ಮ ಖುಷಿ ಇತ್ತು."

ಪಟ್ಟಿ ಹಿಡಿದು ಕೆರೆಯತೊಡಗುತ್ತಾರೆ. ಬಣ್ಣ ಬಿಡುವುದಿಲ್ಲ. ಮಗಳ ಮದುವೆಗೆ ಆ ಜಾಗವನ್ನು ನಯಮಾಡಿ, ಬಣ್ಣ ಹಿಡಿದು ನಿಲ್ಲಲೆಂದು ಪುಟ್ಟಿ ಹಚ್ಚಿದ್ದೂ ಇವರೇ. "ನಾನೇ ಗಟ್ಟಿ ಮಾಡೀನಿ. ಈಗ ನನಗೇ ಕಾಡಾಕತ್ತದ," ಎಂದು ನಗಲು ಹೋಗುತ್ತಾರೆ, ನಗು ಬರುವುದಿಲ್ಲ. ಸಂಘರತ್ನ ಮೊದಲು ಹೋಗುತ್ತದೆ. ಆಮ್ರಪಾಲಿಗೆ ಒಂದು ತಾಸು ಹಿಡಿಯುತ್ತದೆ. ನನಗೆ ನಿಲ್ಲಲಾಗದೆ ಚಹಾದ ನೆಪ ಹೇಳಿ ಓಣಿಯ ತುದಿಗೆ ಹೋಗಿ ಬರುತ್ತೇನೆ. ನಾಚಿಕೆಯಾಗುತ್ತದೆ, ಆದರೂ ನಿಜ ಅದು.

ನಾಲ್ಕನೆಯ ದಿನ ಮತ್ತೆ ಹೋದಾಗ ಗೋಡೆ ಒಂದೇ ಸಮ ಇದೆ. ತಗ್ಗನ್ನು ಸಿಮೆಂಟಿನಿಂದ ತುಂಬಿ, ಮೇಲೆ ಎರಡು ಕೋಟು ಸುಣ್ಣ ಬಳಿದಾಗಿದೆ. ಮನೆ ಕೊಂಡ ಮುಡಬಿಯ ತುಳಜಾರಾಮ ಯುನೂಸನ ಜೊತೆ ಕೀಲಿ ತೆಗೆದುಕೊಳ್ಳಲು ಬಂದಿದ್ದಾರೆ. ಒಳಗೆಲ್ಲ ಅಡ್ಡಾಡಿ ಹೊರಗೆ ಬಂದು, ಬಾಗಿಲಿನ ಬಲಗಡೆ ಅಂಗೈ ಇಟ್ಟು ನೋಡುತ್ತಾರೆ.

"ಇಲ್ಲಿ ಜಾಗಾ ಭೇಷ್ ಅದ. ಬರೋ ತಿಂಗಳ ನಮ್ಮ ಮಗಳು ಮಯೂರಿದು ಮದಿವಿ. ಹೆಸರು ಇಲ್ಲೇ ಬರಸ್ತೀವಿ."

ಕೀಲಿಯನ್ನು ಸೊಂಟದಿಂದ ತೆಗೆದಿದ್ದ ಸುಂದರಬಾಯಿ ಅದನ್ನು ಕೊಡುವುದಿಲ್ಲ. ಗೋಡೆಯನ್ನೇ ನೋಡುತ್ತಾರೆ.

"ಇನ್ನೊಂದು ದಿನ ತಡೀರಿ. ಸುಣ್ಣದ ಮ್ಯಾಲ ಬರದ್ರ ಎರಡು ಮಳೆಗಾಲಕ್ಕ ಉದುರ್ತದ. ಇಷ್ಟು ಕೆರದು, ಪುಟ್ಟಿ ಹಚ್ಚಿ, ತಿಕ್ಕಿ ಕೊಡ್ತೀನಿ."

"ಮೌಸಿ, ಕೆಲಸ ಮುಗದದ," ಎನ್ನುತ್ತಾನೆ ಯುನೂಸ್. "ಇದು ಮಾತಿನಾಗ ಇರಲಿಲ್ಲ. ಇದಕ್ಯಾರು ಕೂಲಿ ಕೊಡ್ತಾರ?"

ಸುಂದರಬಾಯಿ ಆಗಲೇ ಪಟ್ಟಿ ಹುಡುಕುತ್ತಿದ್ದಾರೆ.

"ಯಾರೂ ಕೊಡಬ್ಯಾಡ್ರಿ ಯುನೂಸ್ ಭಾಯಿ. ಹೆಣ್ಮಗಳ ಹೆಸರದು. ಉದುರಬಾರದು."