ಗುಡ್ನಾಪುರದ ಕೆರೆಯಲ್ಲಿ ಶೆಟ್ಟರ ದೋಣಿ

ಹಿಡಿದ ಮೀನಿಗೆ "ಹೋಗಿ ಬಾರವಾ" ಎಂದು ಹೇಳಿ ಕಳಿಸುವವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ಗುರುಬಸಪ್ಪ ಶೆಟ್ಟರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು, ಕೈಯಲ್ಲಿ ಗಾಳದ ಕೋಲು. ಗೆಂಡೆ ಮೀನು ಸಿಕ್ಕಿತೆಂದರೆ ದೋಣಿಯ ಅಂಚಿಗೆ ಎಳೆದುಕೊಂಡು, ಮೊದಲು ತಮ್ಮ ಕೈ ಒದ್ದೆ ಮಾಡಿಕೊಂಡು, ಒಂದು ಅಂಗೈಯಲ್ಲಿ ಅದನ್ನು ಮಲಗಿಸಿ ಇನ್ನೊಂದರಿಂದ ಗಾಳ ಬಿಡಿಸುತ್ತಿದ್ದರು. ಮೀನು ಬಾಲ ಬಡಿದು ಕೆಳಗಿಳಿದು ಹೋಗುವ ತನಕ ನೀರನ್ನೇ ನೋಡುತ್ತಿದ್ದರು. ಆಮೇಲೆ ಮತ್ತೆ ಗಾಳ ಹಾಕುತ್ತಿದ್ದರು.

ನಾನಾಗ ಶಿರಸಿಯ ಹೈಸ್ಕೂಲಿನಲ್ಲಿ ಮಾಸ್ತರ. ತ್ಯಾಗಲಿಯ ಕಡೆಯಿಂದ ಬಂದವನು, ಶೆಟ್ಟರ ಅಕ್ಕಿ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಮೂಲ ಬನವಾಸಿಯ ಕಡೆ. ಪೇಟೆಯಲ್ಲಿ ಎಷ್ಟು ವರ್ಷ ಇದ್ದರೂ ಮಾತು ಮಾತ್ರ ಅಲ್ಲಿಯದೇ. ಭಾನುವಾರ ಬೆಳಿಗ್ಗೆ ಕೆಳಗಿನಿಂದ "ಮಾಸ್ತರ್ರ, ಏಳ್ರಿ, ಕೆರಿ ಕರೀಲಿಕ್ಹತ್ತೈತಿ" ಎಂದು ಕೂಗಿದರೆ ಮುಗಿಯಿತು, ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಬಾಡಿಗೆದಾರನಿಗೆ ಇರಲಿಲ್ಲ. ಅವರ ಲಾರಿಯಲ್ಲೇ ಗುಡ್ನಾಪುರಕ್ಕೆ ಹೋಗಿ, ದೋಣಿಯ ಒಂದು ತುದಿಗೆ ನನ್ನನ್ನು ಕುಳ್ಳಿರಿಸಿ, ತಾವೇ ಹುಟ್ಟು ಹಾಕುತ್ತಿದ್ದರು.

ಆ ದೋಣಿ ಮೊದಲು ಶೆಟ್ಟರದ್ದಲ್ಲ. ಮುಂಬಯಿ ಸರಕಾರದ ಕಾಲದಲ್ಲಿ ಅರಣ್ಯ ಖಾತೆಯ ಒಬ್ಬ ಸಾಹೇಬರು ಗಾಳದ ಶೋಕಿಗಾಗಿಯೇ ಮುಂಬಯಿಯಿಂದ ತರಿಸಿದ್ದು. ಹಲಗೆ ಜೋಡಿಸಿ ಕಟ್ಟಿದ, ಉದ್ದ ಮೂಗಿನ ಚೆಂದದ ದೋಣಿ. ಕಾಡಿನ ಕ್ಯಾಂಪಿಗೆ ದಿನಸಿ ಒದಗಿಸಲು ಹೋಗುತ್ತಿದ್ದ ಶೆಟ್ಟರನ್ನು ಸಾಹೇಬರು ಜೊತೆಗೆ ಕೂರಿಸಿಕೊಂಡು ಗಾಳ ಹಾಕುವುದನ್ನು ಕಲಿಸಿದರು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರಿಗೆ ಸೇರಿತು, ಸಾಹೇಬರು ಪುಣೆಯ ಕಡೆ ಹೊರಟರು. ಹೋಗುವಾಗ ಕೋಲು, ದೋಣಿ ಎರಡನ್ನೂ ಶೆಟ್ಟರಿಗೆ ಬಿಟ್ಟು ಹೋದರು. ಎರೆಹುಳ ಮಾತ್ರ ಶೆಟ್ಟರು ಮುಟ್ಟಲಿಲ್ಲ. ಶೇಂಗಾ ಹಿಂಡಿಗೆ ಬೆಲ್ಲ, ಜೋಳದ ಹಿಟ್ಟು ಕಲಸಿ ಸಣ್ಣ ಉಂಡೆ ಮಾಡಿ ಗಾಳಕ್ಕೆ ಚುಚ್ಚುತ್ತಿದ್ದರು. ಹಸಿವಾದರೆ ಆ ಉಂಡೆಗಳಲ್ಲಿ ಒಂದೆರಡನ್ನು ತಾವೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ತಿನ್ನುವುದಿಲ್ಲ, ಮಾರುವುದಿಲ್ಲ, ಮತ್ತೇಕೆ ಹಿಡಿಯುತ್ತೀರಿ ಎಂದು ಕೇಳಿದವರಿಗೆ ಶೆಟ್ಟರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದರು. ಮಠಕ್ಕೆ ಹೋಗುವ ಹಿರಿಯರೊಬ್ಬರು ಅಂಗಡಿಗೇ ಬಂದು ಗದರಿದಾಗ, "ಪಾಪ ಹೌದ್ರಿ, ತಪ್ಪು ಹೌದ್ರಿ" ಎಂದು ಕೈ ಮುಗಿದಿದ್ದರು. ಮುಂದಿನ ಭಾನುವಾರ ಮತ್ತೆ ಕೆರೆ. ನನಗೊಮ್ಮೆ, "ಅಂಗಡ್ಯಾಗ ದಿನಾ ಮಂದಿ ನನ್ನ ಹಿಡೀತಾರ, ಬಿಡೂದೇ ಇಲ್ಲ. ನಾನರ ಹಿಡದು ಬಿಡತೀನಿ" ಎಂದಿದ್ದರು. ಅದು ನಿಜವೋ, ಬಾಯಿಗೆ ಬಂದ ಚೇಷ್ಟೆಯೋ ಗೊತ್ತಾಗಲಿಲ್ಲ. ಅವರ ಹೆಂಡತಿ ಕಾಶಕ್ಕನವರು ಕಾರಣ ಕೇಳುವ ಗೋಜಿಗೇ ಹೋಗಿರಲಿಲ್ಲ. ಗಾಳದ ಸಾಮಾನು ಮನೆಯ ಹೊಸ್ತಿಲು ದಾಟಕೂಡದು, ಕೆರೆಯಿಂದ ಬಂದವರು ಹಿತ್ತಲಲ್ಲಿ ಸ್ನಾನ ಮಾಡಿ ಲಿಂಗಪೂಜೆ ಮಾಡಿದ ಹೊರತು ರೊಟ್ಟಿ ಇಲ್ಲ. ಇಷ್ಟೇ ಅವರ ಕಾನೂನು. ಶೆಟ್ಟರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ವಯಸ್ಸು ಅರವತ್ತರ ಆಸುಪಾಸಿನಲ್ಲಿದ್ದಾಗ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಪೂರ್ತಿ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು. ಮಾತು ನಿಧಾನಕ್ಕೆ ಮರಳಿತು, ಆದರೆ ಮನುಷ್ಯ ಬೇರೆಯಾಗಿದ್ದರು. ಇಬ್ಬರು ಗಂಡುಮಕ್ಕಳು, ಕಾಶಕ್ಕ, ಆಳು, ಯಾರಾದರೊಬ್ಬರು ಸದಾ ಮಗ್ಗುಲಲ್ಲಿ. ಏಳುವಾಗ ಹಿಡಿಯುವರು, ಕೂರುವಾಗ ಹಿಡಿಯುವರು, ಊಟಕ್ಕೆ ಕುಳಿತರೆ ರೊಟ್ಟಿ ಮುರಿದು ಕೊಡುವರು. ಶೆಟ್ಟರು ಹಿಡಿದವರ ಕೈಯನ್ನೆಲ್ಲ ಕೊಸರಿ ಕೊಡವುತ್ತಿದ್ದರು. ಒಮ್ಮೆ ಕಾಶಕ್ಕ ತೋಳು ಹಿಡಿದದ್ದಕ್ಕೆ ನೀರಿನ ತಂಬಿಗೆಯನ್ನೇ ಬೀಸಿ ಒಗೆದರು. ಆ ಹೆಣ್ಣುಮಗಳು ತಂಬಿಗೆ ಎತ್ತಿಟ್ಟು ಒಳಗೆ ಹೋದರು. ನನಗೆ ಶೆಟ್ಟರ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು.

ಒಂದು ದಿನ ನಾನು ಹೋಗಿ ಕೂತಾಗ ಮೆಲ್ಲಗೆ ಹೇಳಿದರು: "ಮಾಸ್ತರ್ರ, ನನಗ ಒಂದು ತಾಸು ಬೇಕ್ರಿ. ಒಂದೇ ತಾಸು. ಯಾರೂ ನನ್ನ ಹಿಡ್ಕೋಬಾರ್ದು, ಯಾರೂ ಬಾಜೂಕ ಇರಬಾರ್ದು. ಕೆರ್ಯಾಗ ನಾನೊಬ್ಬನ ಕೂಡ್ರಬೇಕು."

"ಒಂದೇ ಕೈಯಲ್ಲಿ ಹುಟ್ಟು ಹಾಕಿದ್ರೆ ದೋಣಿ ಗಾಣದೆತ್ತಿನ ಹಾಗೆ ಸುತ್ತು ಹೊಡೀತದೆ, ಶೆಟ್ರೆ" ಎಂದೆ.

"ಅದಕ್ಕ ದೋಣೀನ ಬದಲ ಮಾಡೂಣು. ನನ್ನ ಕೈ ಅಂತೂ ಬದಲಾಗೂದಿಲ್ಲ."

ಕೆರೆಯ ದಂಡೆಯ ತಗಡಿನ ಚಪ್ಪರದಲ್ಲಿ ಒಣಗುತ್ತ ಬಿದ್ದಿದ್ದ ದೋಣಿ ಲಾರಿ ಏರಿ ಶಿರಸಿಗೆ ಬಂತು. ಇಳಿದದ್ದು ಇಮಾಮಸಾಬ್ ಮೇಸ್ತ್ರಿಯ ಅಂಗಳದಲ್ಲಿ. ಮೇಸ್ತ್ರಿ ಲಾರಿಗೆ ಬಾಡಿ ಕಟ್ಟುವವನು, ಶೆಟ್ಟರ ಓರಗೆಯವನು, ಜಂಬದಲ್ಲಿ ಶೆಟ್ಟರಿಗೇನೂ ಕಡಿಮೆಯಿಲ್ಲ. ಇಬ್ಬರೂ ಸೇರಿ ಒಂದು ತಿಂಗಳು ಮದುವೆ ಮನೆಯವರ ಹಾಗೆ ಓಡಾಡಿದರು. ಹಳೆಯ ಬಸ್ಸಿನ ಡ್ರೈವರ್ ಸೀಟು ಬಿಚ್ಚಿ ತಂದು ದೋಣಿಯ ನಡುವೆ ಕೂರಿಸಿದರು. ಕೋಲನ್ನು ಸಿಕ್ಕಿಸಲು ಅಂಚಿಗೆ ಕಬ್ಬಿಣದ ಕೊಳವೆ ಬಿಗಿದರು, ಎಡಗೈಯಲ್ಲಿ ದಾರ ಸುತ್ತಿದರೆ ಸಾಕು. ಮಕ್ಕಳು ಇಂಜಿನ್ ಹಾಕಿಸಿ ಎಂದರೆ "ಇಂಜಿನ್ ಸಪ್ಪಳಕ್ಕ ಮೀನು ಸಿದ್ದಾಪುರ ಮುಟ್ಟತಾವು" ಎಂದು ಶೆಟ್ಟರು ಬೈದರು. ವರದಾ ನದಿಯ ಕಡವಿನಲ್ಲಿ ಹಗ್ಗ ಹಿಡಿದು ದೋಣಿ ದಾಟಿಸುವುದನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರು. ಅದೇ ಉಪಾಯ ಇಲ್ಲಿಯೂ ಬಂತು. ದಂಡೆಯ ಮರದಿಂದ ಕೆರೆಯೊಳಗೆ ಹೂತ ಗೂಟಕ್ಕೆ ಹಗ್ಗ, ದೋಣಿಯ ಪಕ್ಕದಲ್ಲಿ ಎರಡು ಕಬ್ಬಿಣದ ಬಳೆ, ಬಳೆಯೊಳಗೆ ಹಗ್ಗ. ಎಡಗೈಯಿಂದ ಎಳೆದರೆ ದೋಣಿ ಹೋಗುತ್ತದೆ, ತಿರುಗಿ ಎಳೆದರೆ ಬರುತ್ತದೆ. ಕೊನೆಗೆ ಮೇಸ್ತ್ರಿ ಹಸಿರು ಬಣ್ಣ ಬಳಿದು, ಹಳದಿ ಅಂಚು ಬರೆದು, ಹಿಂಬದಿಗೆ ಲಾರಿಯದೇ ಎರಡು ಕೆಂಪು ಗಾಜು ಕೂರಿಸಿದ. ಇದ್ಯಾಕೆ ಎಂದರೆ, "ಹಿಂದ ಬರೋ ಮೀನಿಗೆ ಕಾಣ್ಲಿ ಸಾಬ್" ಎಂದ.

ಎಡವಟ್ಟಾದದ್ದು ಹಲಗೆಗಳ ಸಂದಿನಲ್ಲಿ. ಒಣಗಿದ ದೋಣಿಯ ಹಲಗೆಗಳ ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅಕ್ಕಿಯ ವ್ಯಾಪಾರಿಗೆ ಬಿರುಕು ಕಂಡರಾಗದು, ಬಾಡಿ ಕಟ್ಟುವವನಿಗೆ ಇನ್ನೂ ಆಗದು. "ನಾ ಕಟ್ಟಿದ ಬಾಡಿಯಿಂದ ಒಂದು ಅಕ್ಕಿಕಾಳು ಬಿದ್ದಿಲ್ಲ ಶೆಟ್ರೇ, ನೀರು ಹ್ಯಾಂಗ ಬರ್ತದ ನೋಡೇ ಬಿಡ್ತೀನಿ" ಎಂದು ಮೇಸ್ತ್ರಿ ಸಾಗವಾನಿಯ ಪಟ್ಟಿ ಸೀಳಿ, ಪ್ರತಿ ಸಂದಿಗೂ ಬಿಗಿಯಾಗಿ ಹೊಡೆದು ಕೂರಿಸಿದ. ಶೆಟ್ಟರು ಎಡಗೈಯಿಂದ ಸವರಿ ನೋಡಿ "ಭೇಷ್" ಎಂದರು.

ದೋಣಿ ನೀರಿಗಿಳಿದ ದಿನ ಒಂದು ತೊಟ್ಟೂ ಒಳಗೆ ಬರಲಿಲ್ಲ. ದಂಡೆಯಲ್ಲಿ ಪೇಡೆ ಹಂಚಿದರು. ಒಳ್ಳೆಯ ದಿನ ನೋಡಿ ಶೆಟ್ಟರು ಹತ್ತುವುದೆಂದು, ದೋಣಿಯನ್ನು ಅಲ್ಲಿಯೇ ಕಟ್ಟಿ ಬಂದೆವು. ವಾರ ಕಳೆದು ಹೋದರೆ ದೋಣಿ ನೀರಿನೊಳಗೆ ಕೂತಿತ್ತು. ಡ್ರೈವರ್ ಸೀಟಿನ ಬೆನ್ನು ಮಾತ್ರ ಮೇಲೆ ಕಾಣುತ್ತಿತ್ತು. ಎಳೆದು ಮಗುಚಿದಾಗ, ಒಳಗೆ ಪಕ್ಕೆಲುಬಿನ ಹಾಗೆ ಬಾಗಿದ್ದ ಮರಗಳು ಸಾಲಾಗಿ ಬಿರಿದಿದ್ದವು. ನೀರು ಕುಡಿದ ಹಲಗೆಗಳು ಉಬ್ಬಿದ್ದವು, ಉಬ್ಬಲು ಜಾಗವಿಲ್ಲದೆ ಒಂದನ್ನೊಂದು ನೂಕಿ ಹೊಟ್ಟೆಯನ್ನೇ ಒಡೆದಿದ್ದವು. ಮೇಸ್ತ್ರಿ ಮರದ ವ್ಯಾಪಾರಿಯನ್ನು ಬೈಯಲು ಶುರು ಮಾಡಿದ.

ಶೆಟ್ಟರು ಬಿರಿದ ಮರ ನೋಡುತ್ತ ನಿಂತಿದ್ದವರು ಇದ್ದಕ್ಕಿದ್ದಂತೆ ನಗತೊಡಗಿದರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. "ಇಮಾಮ, ಸುಮ್ನಿರೋ. ಬ್ಯಾಸಗ್ಯಾಗ ಚಕ್ಕಡಿ ಗಾಲಿ ಸಡಲಾದ್ರ ನಮ್ಮಪ್ಪ ಏನ್ ಮಾಡತಿದ್ದ? ಬೆಣಿ ಹೊಡೀತಿದ್ದನೇನು? ಕೆರಿಗೆ ಒಗದು ಬರತಿದ್ದ! ನೀರು ಕುಡದು ತಾನ ಬಿಗೀತಿತ್ತು. ಲಾರಿ ತಗೊಂಡು ಗಾಲಿ ಮರತ್ವಿ ನೋಡು, ಇಬ್ಬರೂ." ಮೇಸ್ತ್ರಿಯ ಮನೆಯಲ್ಲೂ ಮೊದಲು ಬಾಡಿಗೆ ಚಕ್ಕಡಿಗಳಿದ್ದವು. ಅವನು ಹಣೆ ಬಡಿದುಕೊಂಡ.

ಮತ್ತೆ ಎಲ್ಲ ಮೊದಲಿನಿಂದ. ಒಡೆದ ಮರ ಬದಲಾಯಿಸಿ, ಸಾಗವಾನಿಯ ಪಟ್ಟಿ ಕಿತ್ತು, ಹತ್ತಿಯ ಎಳೆಗೆ ರಾಳ, ಎಣ್ಣೆ ಹಚ್ಚಿ ಹಗುರಾಗಿ ತುಂಬಿದರು. ಆಮೇಲೆ ತಾವಾಗಿಯೇ ದೋಣಿಯನ್ನು ದಂಡೆಯ ನೀರಿನಲ್ಲಿ ಮುಳುಗಿಸಿಟ್ಟರು. ನೋಡಿದವರು ಶೆಟ್ಟರಿಗೆ ತಲೆಗೂ ಲಕ್ವಾ ಹೊಡೆದಿದೆ ಎಂದರು. ಹಲಗೆಗಳು ತಾವೇ ಕೂಡಿಕೊಂಡ ಮೇಲೆ ನೀರು ಎತ್ತಿ ಹೊರಗೆ ಚೆಲ್ಲಿದರು. ಈಗ ದೋಣಿ ಹನಿ ಕೂಡ ಸೋರದೆ ನಿಂತಿತು.

ಶೆಟ್ಟರು ಒಬ್ಬರೇ ಹೋಗಬೇಕೆಂದಾಗ ಮನೆಯಲ್ಲಿ ದೊಡ್ಡ ರಂಪವಾಯಿತು. ಮಕ್ಕಳು ಸುತರಾಂ ಒಪ್ಪಲಿಲ್ಲ. ಒಪ್ಪಿದವರು ಕಾಶಕ್ಕ. "ಹೋಗ್ಲಿ ಬಿಡ್ರೋ. ಮನ್ಯಾಗಿದ್ದೂ ಅವರು ನಮ್ಮ ಸಂಗಾಟ ಇಲ್ಲ" ಎಂದರು. ಆ ಮಾತು ಶೆಟ್ಟರ ಕಿವಿಗೂ ಬಿತ್ತು. ಅವರು ಕತ್ತು ತಿರುಗಿಸಲಿಲ್ಲ.

ಮೇಸ್ತ್ರಿಯೂ ನಾನೂ ಅವರನ್ನು ಸೀಟಿಗೆ ಏರಿಸಿ ದಂಡೆಯಲ್ಲಿ ಕೂತೆವು. ಎಡಗೈಯಿಂದ ಹಗ್ಗ ಎಳೆಯುತ್ತ, ನಡುನಡುವೆ ನಿಂತು ದಣಿವಾರಿಸಿಕೊಳ್ಳುತ್ತ ಅವರು ಗೂಟದ ತನಕ ಹೋದರು. ನಮಗೆ ಬೆನ್ನು ಹಾಕಿ ಕೂತರು. ಬಿಳಿ ರುಮಾಲು ಅಲುಗಾಡದೆ ನಿಂತಿತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಎಷ್ಟೋ ಹೊತ್ತಿನ ಮೇಲೆ ಕೋಲು ಬಾಗಿತು. ಮೇಸ್ತ್ರಿ ಎದ್ದು ನಿಂತು "ಸಿಕ್ತು! ಸಿಕ್ತು!" ಎಂದು ಕುಣಿದ. ಶೆಟ್ಟರು ದಾರ ಸುತ್ತಿ, ಬಗ್ಗಿ ಮೀನನ್ನು ಒಳಗೆ ತೆಗೆದುಕೊಂಡದ್ದು ಕಂಡಿತು. ಆಮೇಲೆ ಬಹಳ ಹೊತ್ತು ಅವರ ಭುಜ ಮಾತ್ರ ಅಲುಗಾಡುತ್ತಿತ್ತು. ಮತ್ತೆ ಸುಮ್ಮನಾದರು. ಅವರ ತಾಸು ಮುಗಿಯುವ ತನಕ ಹಾಗೆಯೇ ಕೂತಿದ್ದರು.

ದೋಣಿ ದಂಡೆಗೆ ಬಂದಾಗ ನೋಡಿದೆ. ಅವರ ಪಾದದ ಬಳಿ, ಮೇಸ್ತ್ರಿಯ ಒಣ ಹಲಗೆಯ ಮೇಲೆ, ಒಂದು ಗೆಂಡೆ ಮೀನು ಸತ್ತು ಬಿದ್ದಿತ್ತು. ಗಾಳ ಇನ್ನೂ ಅದರ ಬಾಯಲ್ಲಿತ್ತು. ಶೆಟ್ಟರ ಧೋತರದ ತುಂಬ ಮೀನಿನ ಹುರುಪೆ ಅಂಟಿತ್ತು. ತೊಡೆಸಂದಿಗೆ ಒತ್ತಿ ಹಿಡಿದು ಬಿಡಿಸಲು ನೋಡಿದ್ದರೆಂದು ಕಾಣುತ್ತದೆ.

"ಹಿಡಿಯಾಕ ಒಂದು ಕೈ ಸಾಕಾತ್ರಿ ಮಾಸ್ತರ್ರ. ಬಿಡಾಕ ಸಾಲಲಿಲ್ಲ."

"ಕೂಗಬಹುದಿತ್ತಲ್ಲ ಶೆಟ್ರೆ? ಹಗ್ಗ ಹಿಡ್ಕೊಂಡು ಯಾರಾದ್ರೂ ಬರ್ತಿದ್ವಿ."

"ಗೊತ್ತಿತ್ತು. ಕೂಗಿದ್ರ ನೀವು ಬರತಿದ್ರಿ, ಅದು ಉಳೀತಿತ್ತು." ಅವರು ಮೀನನ್ನು ನೋಡುತ್ತಲೇ ಹೇಳಿದರು. "ಕೂಗಲಿಲ್ಲ. ನನ್ನ ತಾಸು ನನಗ ದೊಡ್ಡದಾತು."

ಮೇಸ್ತ್ರಿಯ ಕಡೆ ತಿರುಗಿ, "ಇಮಾಮ, ಇದನ್ನ ಮನಿಗೆ ಒಯ್ಯಿ. ಮಣ್ಣಾಗ ಹಾಕಬ್ಯಾಡ" ಎಂದರು. ಮೇಸ್ತ್ರಿ ಗಾಳ ಬಿಡಿಸಿ ಮೀನನ್ನು ಟವೆಲಿನಲ್ಲಿ ಸುತ್ತಿಕೊಂಡ.

ಆ ಜೂನ್‌ನಲ್ಲಿ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು. ಮರುವರ್ಷ ಶೆಟ್ಟರು ತೀರಿಕೊಂಡ ಸುದ್ದಿ ಲಾರಿಯವರೊಬ್ಬರಿಂದ ತಿಳಿಯುವ ಹೊತ್ತಿಗೆ ಮಣ್ಣಾಗಿ ನಾಲ್ಕಾರು ದಿನ ಕಳೆದಿತ್ತು. ದೋಣಿಯನ್ನು ಅವರು ಮತ್ತೆ ಹತ್ತಲೇ ಇಲ್ಲವಂತೆ. ಸುದ್ದಿ ಕೇಳಿದ ದಿನ ಪಾಠ ಮಾಡಲಾಗಲಿಲ್ಲ. ಆಗ ನನಗೆ ನೆನಪಾದದ್ದು ಕೆರೆಯಲ್ಲ, ಆ ಮೀನು ಸತ್ತ ದಿನ ಸಂಜೆ ಕಂಡ ಅವರ ಮನೆಯ ಬಾಗಿಲು.

ಲಾರಿ ಬಂದು ನಿಂತಿತು. ಕಾಶಕ್ಕ ಹೊರಗೆ ಬಂದು ಎಂದಿನಂತೆ ಎರಡು ಮಾರು ದೂರದಲ್ಲೇ ನಿಂತರು. ಶೆಟ್ಟರು ಇಳಿದು, ಅವರ ಕಡೆ ತಾವಾಗಿಯೇ ಎಡಗೈ ಚಾಚಿದರು. "ಹಿಡಕೋ" ಎಂದರು. ಆಕೆ ನಂಬದೆ ಒಂದು ಗಳಿಗೆ ನಿಂತು, ಆಮೇಲೆ ಎರಡೂ ಕೈಯಿಂದ ಹಿಡಿದುಕೊಂಡರು. ಹಿತ್ತಲ ಕಡೆ ಮೆಲ್ಲಗೆ ನಡೆಸಿಕೊಂಡು ಹೋಗುತ್ತ, ನನ್ನತ್ತ ತಿರುಗಿ ದನಿ ತಗ್ಗಿಸಿ ಕೇಳಿದರು: "ಏನಾತ್ರಿ, ಮಾಸ್ತರ್ರ?"

"ಒಂದು ಮೀನು ಸಿಕ್ಕಿತ್ತು, ಕಾಶಕ್ಕ" ಎಂದೆ.