ಕಪ್ಪೆಮೀನಿನ ಹಣೆಯ ಗಾಳ

ನಮ್ಮತ್ತೆ ಮೀನಿನ ಚಿತ್ರ ಬರೆಯುತ್ತಾರೆ. ಮೀನುಗಳನ್ನು ಗುರುತಿಸಲು ನೆರವಾಗುವ ಪುಸ್ತಕಗಳಿಗೆ, ಬರೀ ಕಪ್ಪು ಶಾಯಿಯಲ್ಲಿ. ಈ ಚಳಿಗಾಲದಲ್ಲಿ ಅವರ ಬಲಗೈಗೆ ನಡುಕ ಬಂದಿದೆ. ಕೈಗೆತ್ತಿಕೊಂಡಿರುವ ಕಪ್ಪೆಮೀನಿನ ಚಿತ್ರ ಸರಿಯಾಗಿ ಬರದಿದ್ದರೆ ಇನ್ನೆಂದೂ ಪೆನ್ನು ಹಿಡಿಯುವುದಿಲ್ಲ ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದರು.

ಇವತ್ತು ಮಧ್ಯಾಹ್ನ ಆ ಮೀನು, ಕೆಡದಂತೆ ಸ್ಪಿರಿಟ್ಟಿನಲ್ಲಿಟ್ಟಿದ್ದ ಬಾಟಲಿಯಿಂದ ಹೊರಬಂದು, ಊಟದ ಮೇಜಿನ ಮೇಲೆ, ಗಾಜಿನ ತಟ್ಟೆಯಲ್ಲಿ ಮುದ್ದೆಯಾಗಿ ಕೂತಿತ್ತು. ಮೈತುಂಬ ನರೂಲಿ, ಪುಟ್ಟ ಕೈಗಳಂಥ ಈಜುರೆಕ್ಕೆ, ಮುನಿಸಿಕೊಂಡ ಬಾಯಿ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಇಣುಕಿದೆ.

"ಅತ್ತೆ, ಬೆಳಿಗ್ಗೆ ಎದ್ದಾಗ ನಿಮ್ಮ ಮಗನ ಮುಖ ಹೀಗೇ ಇರುತ್ತೆ."

"ಸುಮ್ನಿರೇ, ಮೀನಿಗೆ ಬೇಜಾರಾಗುತ್ತೆ."

"ಬದುಕಿದ್ದಾಗ ಯಾವ ಬಣ್ಣ ಇತ್ತೋ?"

"ಇದರ ಬಣ್ಣ ನಂಬಬಾರ್ದು. ಕೂತ ಜಾಗಕ್ಕೆ ತಕ್ಕಂತೆ ಬದಲಾಯಿಸ್ಕೊಳ್ಳುತ್ತೆ. ಹಣೆ ನೋಡು."

ಹಣೆಯ ಮೇಲೊಂದು ತೆಳ್ಳಗಿನ ಕಡ್ಡಿ, ತುದಿಯಲ್ಲಿ ಹುಳುವಿನಂಥ ಚೂರು. ಸಣ್ಣ ಮೀನುಗಳನ್ನು ಬಾಯಿಯ ಹತ್ತಿರ ಕರೆಯುವ ಗಾಳ. ಅದರ ಹಿಂದೆಯೇ ಒಂದು ದಪ್ಪ ಮುಳ್ಳು. ಗಾಳ ಆ ಮುಳ್ಳಿನಷ್ಟೇ ಉದ್ದವಿದ್ದರೆ ಒಂದು ಜಾತಿ, ಅದರ ಎರಡರಷ್ಟಿದ್ದರೆ ಇನ್ನೊಂದು. ಇದರಲ್ಲಿ ಎರಡೂ ಸಮ.

ಚಿತ್ರದಲ್ಲಿ ನರೂಲಿಗಳನ್ನು ಅತ್ತೆ ಚುಕ್ಕೆಯಿಟ್ಟೇ ತುಂಬಿಸಿದ್ದರು. ನಡುಗುವ ಕೈಗೆ ಹೇಳಿ ಮಾಡಿಸಿದ ಚರ್ಮ. ಗಾಳಕ್ಕೆ ಮಾತ್ರ ಒಂದೇ ಉಸಿರಿನ ಗೆರೆ ಬೇಕು. ಎಳೆದರು. ಪೆನ್ನು ಹಾರಿತು; ಕಡ್ಡಿ ವಾಲಿಕೊಂಡು ಎಲ್ಲಿಗೋ ಹೋಯಿತು.

"ನೋಡಿದ್ಯಾ? ಜಾತಿನೇ ಬದಲಾಗೋಯ್ತು." ನಗುತ್ತಿದ್ದರು, ಕಣ್ಣು ತುಂಬಿತ್ತು. "ನೀನೇ ಎಳಿ."

"ನಾನು ಎಳೆದ್ರೆ ಅದು ಮೀನಾಗಿಯೂ ಉಳಿಯಲ್ಲ."

ಮಗುವನ್ನು ಚಾಪೆಯ ಮೇಲೆ ಬಿಟ್ಟು, ಆ ಗೆರೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ದಪ್ಪ ಕಾಗದ, ತಡೆಯಿತು. ಆಮೇಲೆ ಅತ್ತೆಯ ಪಕ್ಕ ಕುರ್ಚಿ ಎಳೆದು ಕೂತು, ಅವರ ಮೊಣಕೈಯನ್ನು ನನ್ನ ಪಕ್ಕೆಗೆ ಒತ್ತಿ ಹಿಡಿದೆ. ಮಗುವಿನ ಉಗುರು ಕತ್ತರಿಸುವಾಗ ಹಿಡಿಯುವುದು ಹಾಗೇ. ತೋಳಿಗೆ ಒಂದು ಆಸರೆ ಸಿಕ್ಕರೆ ಬೆರಳು ಒದ್ದಾಡುವುದಿಲ್ಲ.

"ನಾನೇನು ಮಗುನಾ?"

"ಒಂದು ಗಳಿಗೆ ಆಗಿ, ಏನೀಗ?"

ಅವರ ನಡುಕ ನನ್ನ ಪಕ್ಕೆಲುಬಿಗೆ ತಾಗುತ್ತಿತ್ತು. ಕ್ರಮೇಣ ಅದು ಸಣ್ಣದಾಯಿತು.

"ಉಸಿರಾಡ್ಬೇಡ ಕಣೇ."

ಎಳೆದರು. ಕೈವಾರ ತೆರೆದು ಮೊದಲು ಮುಳ್ಳಿನ ಮೇಲಿಟ್ಟರು, ಆಮೇಲೆ ಗಾಳದ ಮೇಲೆ. ಸಮ. ಇನ್ನೊಮ್ಮೆ ಇಟ್ಟು ನೋಡಿದರು.

"ಕೈ ಬಿಡು, ಹಿಂಡಿ ಹಾಕ್ಬಿಟ್ಟೆ," ಎಂದು ಗದರಿ, ಮೊಣಕೈ ಉಜ್ಜಿಕೊಳ್ಳುತ್ತ ಕಪಾಟಿನತ್ತ ಗಲ್ಲದಲ್ಲೇ ಸನ್ನೆ ಮಾಡಿದರು. "ಅಲ್ಲಿ ಇನ್ನೊಂದು ಬಾಟ್ಲಿ ಇದೆ ನೋಡು. ಗಾಳ ಉದ್ದ ಇರೋದು. ತಗೊಂಡ್ ಬಾ."