ಅವಳ ಜಡೆ, ನನ್ನ ಹರಕೆ

ಹರಕೆ ಹೊತ್ತವಳು ನಾನು, ತಲೆ ಬೋಳಿಸಿಕೊಂಡವಳು ಆರು ವರ್ಷದ ಹುಡುಗಿ. ಇದು ಯಾವ ನ್ಯಾಯ ಅಂತ ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಮಾತು ಬೈಸಿಕೊಂಡು ಹಗುರಾಗುತ್ತಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಮಕ್ಕಳನ್ನು ದತ್ತು ಕೊಡುವ ಒಂದು ಕೇಂದ್ರದಲ್ಲಿ ನಾನು ಆಯಾ. ಸ್ನಾನ, ಊಟ, ಜ್ವರ, ಜಗಳ ಎಲ್ಲ ನನ್ನ ಪಾಲಿಗೆ. ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತೇನೆ. ಮಕ್ಕಳು ನನ್ನನ್ನು ಅಜ್ಜಿ ಅನ್ನುತ್ತಾರೆ. ಈ ಹುಡುಗಿ ಬಂದಾಗ ಅವಳಿಗೆ ಮೂರು ವರ್ಷ. ಒಂದು ಕಣ್ಣು ಸ್ವಲ್ಪ ಮೆಳ್ಳೆ, ಮಾತು ಅರ್ಧ ತೆಲುಗು. ಕೂದಲು ಮಾತ್ರ ದೃಷ್ಟಿ ತಾಕುವಂಥದ್ದು. ಬೆಳಿಗ್ಗೆ ಎಣ್ಣೆ ಬಾಟಲಿ, ಬಾಚಣಿಗೆ ಹಿಡಿದುಕೊಂಡು ಬಂದು ನನಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಎರಡು ಜಡೆ ಹಾಕುವಷ್ಟು ಹೊತ್ತು ಅವಳು ನನ್ನ ಮಗಳು.

ಫೋಟೋ ನೋಡಿ ಒಪ್ಪಿ ಬಂದ ನಮ್ಮ ಕಡೆಯ ಗಂಡ ಹೆಂಡತಿ ಅವಳನ್ನು ಎದುರಿಗೆ ಕಂಡು ಮುಖ ಸಣ್ಣ ಮಾಡಿದರು. "ಫೋಟೋದಲ್ಲಿ ಕಣ್ಣು ಗೊತ್ತಾಗ್ಲಿಲ್ಲ ಮೇಡಂ" ಅಂದರು. ಮೈಯೆಲ್ಲ ಉರಿದುಹೋಯಿತು. ಅವರಿಗೆ ಕೊಡಬೇಕಾದ ಕಾಫಿಯನ್ನು ಬಚ್ಚಲಿಗೆ ಚೆಲ್ಲಿದೆ. ಅವತ್ತೇ ಕೈವಾರದ ಹತ್ತಿರ ಇರುವ ನಮ್ಮ ಮನೆದೇವರಿಗೆ ಹೇಳಿಕೊಂಡೆ: ಇವಳಿಗೊಂದು ಮನೆ ತೋರಿಸಪ್ಪ, ಇವಳ ಮುಡಿ ಕೊಡಿಸ್ತೀನಿ.

ದೇಶದಲ್ಲಿ ಯಾರೂ ಒಪ್ಪದ ಮೇಲೆ ಅವಳ ಕಡತ ಹೊರದೇಶಕ್ಕೆ ಹೋಯಿತು. ಅಲ್ಲಿನ ದಂಪತಿಯೊಬ್ಬರು ಒಪ್ಪಿದರು. ಅವರ ಮನೆ ನೋಡಿದ ವರದಿ, ಎರಡೂ ಸರ್ಕಾರಗಳ ಒಪ್ಪಿಗೆ, ನಮ್ಮ ಜಿಲ್ಲಾಧಿಕಾರಿಗಳ ಆದೇಶ, ಪಾಸ್‌ಪೋರ್ಟ್ ಎಲ್ಲ ಆಗುವಷ್ಟರಲ್ಲಿ ಹುಡುಗಿಗೆ ಮುಂದಿನ ಹಲ್ಲು ಬಿದ್ದು ಹೊಸದು ಬಂತು. ಅಲ್ಲಿಯತನಕ ಶನಿವಾರ ಶನಿವಾರ ವಿಡಿಯೋ ಕಾಲ್. ಆ ಹೆಂಗಸು ಯಾರಿಂದಲೋ "ಊಟ ಆಯ್ತಾ?" ಅನ್ನುವುದನ್ನು ಕಲಿತಿದ್ದಳು. ಬೆಳಿಗ್ಗೆಯಾಗಲಿ ಸಂಜೆಯಾಗಲಿ ಅದೇ ಪ್ರಶ್ನೆ. ಒಂದು ಶನಿವಾರ ಒಂದು ಬೊಂಬೆ ಎತ್ತಿ ತೋರಿಸಿದಳು. ಬೊಂಬೆಗೆ ಕಪ್ಪು ಉಲ್ಲನ್ ದಾರದ ಎರಡು ಜಡೆ.

"ನಿನಗೆ ಜಡೆ ಹಾಕೋದು ಕಲೀತಿದ್ದಾರಂತೆ ಕಣಮ್ಮ" ಅಂದರು ನಮ್ಮ ಕೇಂದ್ರದ ಮೇಡಂ.

"ಅಜ್ಜೀ, ಸೊಟ್ಟ ಹಾಕವ್ಳೆ!" ಅಂತ ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಯಲ್ಲೇ ಉರಿಯುತ್ತದೆ ಅನ್ನುವುದು ಅವತ್ತು ಗೊತ್ತಾಯಿತು.

ಅವರು ಬರುವ ದಿನ ಗೊತ್ತಾದ ಮೇಲೆ ಮೇಡಂ ಹತ್ತಿರ ಹೋದೆ. "ಹೋಗೋ ಮಗು, ಒಂದಿನ ಮನೆಗೆ ಕರ್ಕೊಂಡೋಗಿ ಎಣ್ಣೆ ನೀರು ಹಾಕ್ತೀನಿ" ಅಂದೆ. ಪಾಪ, ನಂಬಿ ಕಳಿಸಿದರು. ನಾನು ಮನೆಗೆ ಹೋಗದೆ ಚಿಂತಾಮಣಿ ಬಸ್ಸು ಹತ್ತಿಸಿ ಕೈವಾರಕ್ಕೆ ಕರೆದುಕೊಂಡು ಹೋದೆ. ಗುಡಿಯ ಹತ್ತಿರ ಮುಡಿ ತೆಗೆಯುವವನು ಅವಳ ಜಡೆ ಕೈಯಲ್ಲಿ ಹಿಡಿದು ನೋಡಿದ. "ಹೆಣ್ಮಗು, ಮೂರು ಕತ್ತರಿ ಕೊಟ್ರೂ ನಡೀತದಮ್ಮ. ದೇವರೇನೂ ಕೋಪ ಮಾಡ್ಕೊಳಲ್ಲ" ಅಂದ. ಮೂರು ಎಳೆ ಕತ್ತರಿಸಿ ಕೈಮುಗಿದು ಬರುವುದನ್ನು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ನನಗೂ ಗೊತ್ತಿತ್ತು.

"ಪೂರ್ತಿ ತೆಗಿಯಪ್ಪ" ಅಂದೆ.

ಅವಳು "ವದ್ದು ಅಜ್ಜಿ, ವದ್ದು" ಅಂತ ತೆಲುಗಿನಲ್ಲಿ ಬೇಡಿಕೊಂಡಳು. ನಾನು ಎರಡೂ ಕೈಯಲ್ಲಿ ಅವಳ ತಲೆ ಅಲ್ಲಾಡದಂತೆ ಹಿಡಿದುಕೊಂಡೆ. ದೇವರ ಎದುರಿಗೆ ನಿಂತು ನಾನು ಅಂದುಕೊಂಡಿದ್ದು ಇಷ್ಟು: ಬೋಳು ತಲೆ, ಮೆಳ್ಳೆಗಣ್ಣು ನೋಡಿ ಅವರೂ ಮುಖ ಸಣ್ಣ ಮಾಡಲಿ, ವಾಪಸ್ ಹೋಗಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಆ ಪೂಜಾರಿ ನಾನೇ.

ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ, ಪಾಸ್‌ಪೋರ್ಟ್‌ನಲ್ಲಿ ಎರಡು ಜಡೆ, ಇಲ್ಲಿ ಬುಂಡೆ! ಏನ್ರೀ ಇದು?"

"ಹರಕೆ ಮೇಡಂ" ಅಂದೆ. ಹರಕೆ ಅಂದ ಮೇಲೆ ನಮ್ಮಲ್ಲಿ ಯಾರೂ ಮರುಮಾತಾಡುವುದಿಲ್ಲ.

ಶನಿವಾರ ಫೋನು ಬಂದಾಗ ಹುಡುಗಿ ಮಂಚದ ಕೆಳಗೆ ಸೇರಿಕೊಂಡಳು. "ನನಗೆ ಜಡೆ ಇಲ್ಲ. ಅವಳು ಬರೋದು ಬೇಡ, ನಾನು ಹೋಗಲ್ಲ." ಮುಂದಿನ ಶನಿವಾರವೂ ಅದೇ ಮಾತು. ಮೇಡಂ ಗಾಬರಿಯಾದರು. "ಇಷ್ಟು ದೊಡ್ಡ ಮಗು ಒಲ್ಲೆ ಅಂದ್ರೆ ಬಲವಂತವಾಗಿ ಕಳಿಸೋಕಾಗಲ್ಲ. ಇದು ತಪ್ಪಿದ್ರೆ ಇವಳನ್ನ ಇನ್ಯಾರು ಕೇಳ್ತಾರೆ?" ನನಗೆ ಒಳಗೊಳಗೇ ಖುಷಿ. ನಾಚಿಕೆಯಾಗುತ್ತದೆ, ಆದರೂ ನಿಜ. ಅವತ್ತು ಅವಳಿಗೆ ಒಂದಕ್ಕೆ ಎರಡು ಕಡ್ಲೆಮಿಠಾಯಿ ಕೊಟ್ಟೆ.

ಮಾರನೆಯ ಬೆಳಿಗ್ಗೆ ಅಭ್ಯಾಸಬಲದಲ್ಲಿ ಎಣ್ಣೆ ಬಾಟಲಿ, ಬಾಚಣಿಗೆ ಹಿಡಿದು ಬಂದು ನನಗೆ ಬೆನ್ನು ಕೊಟ್ಟು ಕೂತಳು. ಆಮೇಲೆ ನೆನಪಾಗಿ ತಲೆ ಮುಟ್ಟಿಕೊಂಡಳು. ಎದ್ದು ಹೋಗಿ ಎರಡನ್ನೂ ಗೂಡಿನಲ್ಲಿ ಇಟ್ಟು ಬಂದಳು. ಬೈದಿದ್ದರೆ, ಕಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಖುಷಿ ಅಲ್ಲಿಗೆ ಸತ್ತಿತು.

ಅವರು ಬಂದರು. ಗಂಡ ಚೀಲ ಹಿಡಿದು ಬಾಗಿಲಲ್ಲೇ ನಿಂತ. ಹೆಂಗಸು ಎಂಥಾ ಎತ್ತರ! ಹುಡುಗಿ ಮಂಚದ ಕೆಳಗಿದ್ದಾಳೆ ಅಂದಾಗ ಅಷ್ಟುದ್ದ ಮೈಯನ್ನು ನೆಲಕ್ಕೆ ಚಾಚಿ ಮಲಗಿ, ಒಳಗೆ ಇಣುಕಿ, "ಊಟ ಆಯ್ತಾ?" ಅಂದಳು. ಚಿಟ್ಟೆಯ ಕ್ಲಿಪ್ಪುಗಳನ್ನು ತೋರಿಸಿದಳು. ಹುಡುಗಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. ಮೇಡಂ ಇಂಗ್ಲಿಷಿನಲ್ಲಿ ನನ್ನ ಹರಕೆಯ ಕಥೆ ಹೇಳಿದರು. ಆ ಹೆಂಗಸು ಎದ್ದು ಬಂದು ನನಗೆ ಕೈಮುಗಿದಳು. ಮಗುವಿಗಾಗಿ ದೇವರಿಗೆ ಬೇಡಿಕೊಂಡ ಪುಣ್ಯಾತ್ಗಿತ್ತಿ ನಾನಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಂಚದ ಮುಂದೆ ನೆಲದ ಮೇಲೆ ಕೂತೆ. ತುರುಬು ಬಿಚ್ಚಿದೆ. ನರೆತ, ತೆಳ್ಳನೆಯ ಕೂದಲು. ಹೆಂಗಸಿಗೆ ಬೆನ್ನು ಕೊಟ್ಟು, ಬಾಚಣಿಗೆ ಹಿಂದಕ್ಕೆ ಚಾಚಿದೆ. "ನನ್ನ ತಲೆಗೆ ಹಾಕ್ಲಿ ಕಣೇ. ನೀನು ನೋಡು. ಸೊಟ್ಟ ಹಾಕಿದ್ರೆ ಬೈಯಿ."

ಆ ಹೆಂಗಸು ಅರ್ಥ ಮಾಡಿಕೊಂಡಳು. ನಿಧಾನವಾಗಿ ಬೈತಲೆ ತೆಗೆದಳು. ಒಂದು ಕೂದಲೂ ಎಳೆಯಲಿಲ್ಲ. ಮಂಚದ ಕೆಳಗಿಂದ ಮೊದಲು ಮೂಗು ಬಂತು, ಆಮೇಲೆ ಇಡೀ ಹುಡುಗಿ. "ಇಲ್ಲಿ ಬಿಗಿ ಇಲ್ಲ" ಅಂತ ಬೆರಳಿಟ್ಟು ತೋರಿಸಿದಳು. ಹೆಂಗಸು ಬಿಚ್ಚಿ ಮತ್ತೆ ಹೆಣೆದಳು. ಹುಡುಗಿ ತಾನೇ ಕ್ಲಿಪ್ಪು ಆರಿಸಿ ಕೊಟ್ಟು, ಜಡೆಯನ್ನು ಮೇಲಿಂದ ಕೆಳಗೆ ಸವರಿ ನೋಡಿದಳು.

"ನೆಟ್ಟಗೈತೆ ಅಜ್ಜಿ" ಅಂದಳು.

ಆಮೇಲೆ ಬೋಳು ತಲೆಯಲ್ಲೇ ಹೋಗಿ ಆ ಹೆಂಗಸಿಗೆ ಬೆನ್ನು ಕೊಟ್ಟು ಕೂತಳು, ನನ್ನ ಮುಂದೆ ಕೂರುತ್ತಿದ್ದ ಹಾಗೇ. ನಾನು ಎದ್ದು ಅಡುಗೆಮನೆಗೆ ಹೋದೆ. ಈ ಸಲ ಕಾಫಿ ಚೆಲ್ಲಲಿಲ್ಲ.

ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ನನ್ನ ತಲೆಯ ಚಿಟ್ಟೆ ನೋಡಿ ನಕ್ಕಳು. "ಏನಕ್ಕ, ಮೊಮ್ಮಗಳು ಜಡೆ ಹಾಕಿದ್ಲಾ?"

"ಇಲ್ಲಮ್ಮ," ಅಂದೆ, "ಅವರಮ್ಮ ಹಾಕಿದ್ದು."